ಮನೆ, ಅಂಗಡಿ ಮುಂದಿನ ಗಿಡದ ಟೊಂಗೆ ಕಡಿಸುವ ಮುನ್ನ: ರಾಯಚೂರು, ದೇವದುರ್ಗ, ಮಾನ್ವಿ ನಿವಾಸಿಗಳಿಗೆ ಬೇಕಾದ ಮಾಹಿತಿ

ಶಿವರಾತ್ರಿ ಮುಗಿದು ಯುಗಾದಿ ಹತ್ತಿರ ಬಂತೆಂದರೆ ರಾಯಚೂರು, ದೇವದುರ್ಗ, ಮಾನ್ವಿಯ ಓಣಿಗಳಲ್ಲಿ ಕೊಡ್ಲಿ-ಗರಗಸದ ಸಪ್ಪಳ ಶುರುವಾಗುತ್ತದೆ. ಏಪ್ರಿಲ್-ಮೇ ಗಾಳಿಮಳೆಗೆ ಟೊಂಗೆ ಮುರಿದು ಬೀಳಬಾರದು, ಕರೆಂಟಿನ ವೈರಿಗೆ ತಾಗಬಾರದು, ಅಂಗಡಿ ಬೋರ್ಡು ರಸ್ತೆಗೆ ಕಾಣಬೇಕು. ಕಾರಣಗಳೇನೋ ಸರಿಯಾಗೇ ಇವೆ. ಆದರೆ ಕೆಲಸ ಮುಗಿದ ಮೇಲೆ ಬಹಳ ಕಡೆ ಉಳಿಯುವುದು ಗಿಡವಲ್ಲ, ಬೋಳು ಕಂಬ. ಅದೇ ವಾರದಿಂದ ಬಿಸಿಲು 40 ಡಿಗ್ರಿ ದಾಟುತ್ತದೆ, ಮನೆಯ ಪಡಸಾಲೆಗೂ ಅಂಗಡಿ ಶೆಟರಿಗೂ ನೇರ ಬಿಸಿಲು ಬಡಿಯುತ್ತದೆ. ಎರಡು ವರ್ಷ ಕಳೆದ ಮೇಲೆ ಅದೇ ಕಂಬದ ತುದಿಯಿಂದ ಚಿಗುರಿದ ಟೊಂಗೆಗಳು ಮೊದಲಿಗಿಂತ ಬೇಗ ಮುರಿದು ಬೀಳತೊಡಗುತ್ತವೆ.

ಟೊಂಗೆ ಸವರುವುದೇ ಬೇರೆ, ತಲೆ ಬೋಳಿಸುವುದೇ ಬೇರೆ. ಮೊದಲನೆಯದು ಗಿಡಕ್ಕೂ ಮನೆಗೂ ಒಳ್ಳೆಯದು. ಎರಡನೆಯದು ದುಡ್ಡು ಕೊಟ್ಟು ಅಪಾಯ ತಂದುಕೊಂಡಂತೆ, ಮೇಲಾಗಿ ಕಾನೂನಿನ ತೊಡಕೂ ಇದೆ.

ಬೋಳಿಸಿದರೆ ಏನಾಗುತ್ತದೆ

ಗಿಡ ತನ್ನ ಅಡುಗೆ ಮಾಡಿಕೊಳ್ಳುವುದು ಎಲೆಯಲ್ಲಿ. ಎಲೆ ಪೂರ್ತಿ ಹೋದರೆ ಬೇರು ಹಾಗೂ ಕಾಂಡದಲ್ಲಿ ಕೂಡಿಟ್ಟ ಆಹಾರ ಖರ್ಚು ಮಾಡಿ ಅವಸರದಲ್ಲಿ ಚಿಗುರು ಬಿಡುತ್ತದೆ. ನೋಡುವವರಿಗೆ "ಚಲೋ ಚಿಗಿತು ನೋಡ್ರಿ" ಅನಿಸುತ್ತದೆ. ಸ್ವಾಭಾವಿಕವಾಗಿ ಬೆಳೆದ ಟೊಂಗೆಯ ಬುಡ ಕಾಂಡದೊಳಗೆ ವರ್ಷ ವರ್ಷ ಹೂತುಕೊಂಡು ಗಟ್ಟಿಯಾಗಿರುತ್ತದೆ. ಬೋಳಿಸಿದ ಮೇಲೆ ಬಂದ ಚಿಗುರು ಮೇಲಿನ ತೊಗಟೆಗೆ ಅಂಟಿಕೊಂಡಂತೆ ಹುಟ್ಟಿ, ಒಂದೇ ಜಾಗದಿಂದ ಹತ್ತಾರು ಎದ್ದು, ಉದ್ದಕ್ಕೆ ಬೆಳೆಯುತ್ತದೆ. ಅತ್ತ ದಪ್ಪ ಟೊಂಗೆ ಕಡಿದ ಗಾಯ ಮುಚ್ಚುವುದಿಲ್ಲ, ಅಲ್ಲಿಂದ ಕೊಳೆ ಒಳಗಿಳಿಯುತ್ತದೆ. ಮೇಲೆ ಭಾರ, ಕೆಳಗೆ ಕೊಳೆ, ಅದರ ಮೇಲೆ ಮೇ ತಿಂಗಳ ಬಿರುಗಾಳಿ!

ಬಿಸಿಲಿನ ಲೆಕ್ಕ ಬೇರೆ. ವರ್ಷಗಟ್ಟಲೆ ನೆರಳಿನಲ್ಲಿದ್ದ ತೊಗಟೆಗೆ ಒಮ್ಮೆಲೇ ರಾಯಚೂರಿನ ಮಧ್ಯಾಹ್ನದ ಬಿಸಿಲು ಬಿದ್ದರೆ ಪಶ್ಚಿಮ ದಿಕ್ಕಿನ ತೊಗಟೆ ಸುಟ್ಟು ಸೀಳುತ್ತದೆ. ಆ ಸೀಳಿನಲ್ಲಿ ಕೊರೆಯುವ ಹುಳು ಸೇರುತ್ತದೆ.

ಯಾವಾಗ ಸವರಬೇಕು

ಡಿಸೆಂಬರಿನಿಂದ ಫೆಬ್ರುವರಿ ನಡುವಿನ ದಿನಗಳು ಹೆಚ್ಚಿನ ಗಿಡಗಳಿಗೆ ಸರಿ. ಬೇವು ಆಗ ಹಳೆ ಎಲೆ ಉದುರಿಸುವ ತಯಾರಿಯಲ್ಲಿರುತ್ತದೆ, ಸವರಿದ ಗಾಯದ ಅಂಚು ಹೊಸ ಚಿಗುರಿನ ಜೊತೆ ಬೇಗ ಕೂಡಿಕೊಳ್ಳುತ್ತದೆ. ಯುಗಾದಿ ಹೊತ್ತಿಗೆ ಹೂವೂ ಎಳೆ ಎಲೆಯೂ ಬಂದಿರುತ್ತವೆ, ಬೇವು-ಬೆಲ್ಲಕ್ಕೆ ಕೊರತೆಯಾಗದು. ಏಪ್ರಿಲ್, ಮೇ ಎರಡು ತಿಂಗಳು ಹಸಿ ಟೊಂಗೆಗೆ ಕೈ ಹಚ್ಚದಿರುವುದೇ ಮೇಲು. ಒಣಗಿದ್ದು, ಮುರಿದು ಜೋತಾಡುತ್ತಿರುವುದು, ರೋಗ ಬಿದ್ದದ್ದು ಕಂಡರೆ ಮಾತ್ರ ಕಾಲ ನೋಡಬೇಕಿಲ್ಲ, ಕಂಡ ದಿನವೇ ತೆಗೆಯಬಹುದು.

ಮಾವನ್ನು ಹಣ್ಣು ಇಳಿಸಿದ ಮೇಲೆ ಜೂನ್-ಜುಲೈನಲ್ಲಿ ಸವರಬೇಕು. ಡಿಸೆಂಬರಿನಲ್ಲಿ ಸವರಿದರೆ ಹೂವನ್ನೇ ಕತ್ತರಿಸಿದಂತೆ. ಹುಣಸೆಯನ್ನು ಕಾಯಿ ಬಡಿದಾದ ಮೇಲೆ. ನುಗ್ಗೆಗೆ ಈ ನಿಯಮ ಯಾವುದೂ ಇಲ್ಲ, ಎಷ್ಟು ಕಡಿದರೂ ಬರುತ್ತದೆ, ಕಡಿಯದಿದ್ದರೆ ತಾನೇ ಮುರಿದು ಬೀಳುತ್ತದೆ.

ಎಲ್ಲಿ, ಎಷ್ಟು, ಹೇಗೆ

ಒಂದು ವರ್ಷದಲ್ಲಿ ಗಿಡದ ಹಸಿರಿನ ಕಾಲು ಭಾಗಕ್ಕಿಂತ ಹೆಚ್ಚು ತೆಗೆಯಬಾರದು. ಮೊದಲು ಒಣ ಟೊಂಗೆ, ಆಮೇಲೆ ಒಂದಕ್ಕೊಂದು ಉಜ್ಜುವ ಟೊಂಗೆ, ನಂತರ ಚಾವಣಿ ಅಥವಾ ದಾರಿಯ ಮೇಲೆ ಬಂದದ್ದು. ಇಷ್ಟು ಮುಗಿಸಿ ಕೆಳಗೆ ನಿಂತು ನೋಡಿದರೆ ಮುಕ್ಕಾಲು ಪಾಲು ಜನರಿಗೆ "ಸಾಕು" ಅನಿಸುತ್ತದೆ. ನೆತ್ತಿಯ ಟೊಂಗೆಯನ್ನು ಮುಟ್ಟುವ ಪ್ರಸಂಗ ಕಡಿಮೆ.

ಟೊಂಗೆ ಕಾಂಡಕ್ಕೆ ಸೇರುವಲ್ಲಿ ತೊಗಟೆ ಸ್ವಲ್ಪ ಉಬ್ಬಿ, ಬಳೆಯ ಹಾಗೆ ಸುತ್ತುಗಟ್ಟಿರುತ್ತದೆ. ಗಾಯ ಮುಚ್ಚುವ ಶಕ್ತಿ ಇರುವುದು ಆ ಉಬ್ಬಿನಲ್ಲಿ. ಗರಗಸ ಆ ಉಬ್ಬಿನ ಹೊರಗೆ, ಅದಕ್ಕೆ ಹತ್ತಿಕೊಂಡಂತೆ ಹೋಗಬೇಕು. ಕಾಂಡಕ್ಕೆ ನುಣ್ಣಗೆ ಸವರಿದರೆ ಉಬ್ಬು ಹೋಗುತ್ತದೆ, ಒಂದು ಗೇಣು ಮೋಟು ಬಿಟ್ಟರೆ ಆ ಮೋಟು ಒಣಗಿ ಕೊಳೆಯುತ್ತದೆ. ಎರಡೂ ತಪ್ಪು.

ಕೈಮುಷ್ಟಿಗಿಂತ ದಪ್ಪ ಟೊಂಗೆಯನ್ನು ಒಂದೇ ಏಟಿಗೆ ಮೇಲಿನಿಂದ ಕೊಯ್ದರೆ ಅದು ಅರ್ಧಕ್ಕೆ ಬಾಗಿ, ಕಾಂಡದ ತೊಗಟೆಯನ್ನು ಮಾರುದ್ದ ಸುಲಿದುಕೊಂಡು ಬೀಳುತ್ತದೆ. ಇದಕ್ಕೆ ಮೂರು ಕೊಯ್ತದ ಪದ್ಧತಿ ಇದೆ. ಕಾಂಡದಿಂದ ಒಂದಡಿ ದೂರದಲ್ಲಿ ಟೊಂಗೆಯ ಕೆಳಗಿನಿಂದ ಮೂರನೇ ಒಂದು ಭಾಗ ಕೊಯ್ಯಬೇಕು. ಅಲ್ಲಿಂದ ಎರಡು ಬೆರಳು ಹೊರಗೆ ಮೇಲಿನಿಂದ ಕೊಯ್ದರೆ ಟೊಂಗೆ ಸುಲಿಯದೆ ಕಳಚಿ ಬೀಳುತ್ತದೆ. ಉಳಿದ ಮೋಟನ್ನು ಕೈಯಲ್ಲಿ ಹಿಡಿದುಕೊಂಡು ಉಬ್ಬಿನ ಹೊರಗೆ ಕೊನೆಯ ಕೊಯ್ತ. ಕೊಡ್ಲಿಯಿಂದ ಇದು ಸಾಧ್ಯವಿಲ್ಲ, ಗರಗಸವೇ ಬೇಕು.

ಗಾಯಕ್ಕೆ ಸಗಣಿ, ಡಾಂಬರು, ಪೇಂಟು ಬಳಿಯುವ ರೂಢಿ ಇದೆ. ಅಮೆರಿಕದ ಅರಣ್ಯ ಇಲಾಖೆಯ ವಿಜ್ಞಾನಿ ಅಲೆಕ್ಸ್ ಶೀಗೊ ಸಾವಿರಾರು ಮರಗಳನ್ನು ಸೀಳಿ ನೋಡಿ, ಬಳಿದ ಬಣ್ಣ ಕೊಳೆಯನ್ನು ತಡೆಯುವುದಿಲ್ಲ ಎಂದು ದಶಕಗಳ ಹಿಂದೆಯೇ ತೋರಿಸಿದರು. ನೆರಳಿನ ಗಿಡದ ಸಣ್ಣ ಗಾಯಕ್ಕೆ ಏನೂ ಬೇಡ. ಮಾವು, ಲಿಂಬೆ, ಪೇರಲದಂಥ ಹಣ್ಣಿನ ಗಿಡಕ್ಕೆ ಮಾತ್ರ ಶಿಲೀಂಧ್ರ ತಡೆಯಲು ಬೋರ್ಡೋ ಪೇಸ್ಟ್ ಹಚ್ಚುವುದು ತೋಟಗಾರಿಕೆಯಲ್ಲಿ ಒಪ್ಪಿತ ಕ್ರಮ: ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ಹತ್ತು ಲೀಟರ್ ನೀರು.

ಕೂಲಿ ಇಲ್ಲದ ಕೆಲಸ

"ಕೂಲಿ ಬ್ಯಾಡ್ರಿ, ಕಟ್ಟಿಗಿ ನಮಗ ಬಿಡ್ರಿ" ಎಂಬ ಒಪ್ಪಂದ ಈ ಭಾಗಕ್ಕೆ ಹೊಸದಲ್ಲ. ಮನೆಯವರಿಗೆ ಖರ್ಚಿಲ್ಲ, ಕಡಿಯುವವರಿಗೆ ಸೌದೆ. ಆದರೆ ಲೆಕ್ಕ ಹಾಕಿ ನೋಡಿ: ತೆಗೆಯಬೇಕಾದದ್ದು ಹೆಚ್ಚಾಗಿ ಸಣ್ಣ, ಒಣ, ಅಡ್ಡಾದಿಡ್ಡಿ ಟೊಂಗೆ. ತೂಕ ಬರುವುದು ದಪ್ಪ ಟೊಂಗೆಯಲ್ಲಿ. ಕಟ್ಟಿಗೆಯೇ ಕೂಲಿಯಾದಾಗ ಕೊಡ್ಲಿ ತಾನಾಗಿ ದಪ್ಪ ಟೊಂಗೆಯ ಕಡೆ ವಾಲುತ್ತದೆ. ಅದು ಆಳಿನ ತಪ್ಪಲ್ಲ, ಒಪ್ಪಂದದ ತಪ್ಪು. ಕೂಲಿ ಕೊಟ್ಟು, ತೆಗೆಯಬೇಕಾದ ಟೊಂಗೆಗೆ ಮೊದಲೇ ಸುಣ್ಣದ ಗುರುತು ಹಾಕಿ, ಕೆಲಸ ಮುಗಿಯುವವರೆಗೂ ಕೆಳಗೆ ನಿಂತಿರುವುದು ಒಳ್ಳೆಯದು.

ಮೇಲೆ ಹತ್ತುವವರ ಸೊಂಟಕ್ಕೆ ಹಗ್ಗ, ತಲೆಗೆ ಹೆಲ್ಮೆಟ್ ಇರಲೇಬೇಕು. ಏಣಿಯ ಮೇಲೆ ನಿಂತು ಯಂತ್ರದ ಗರಗಸ ಬಳಸಲು ಬಿಡಬೇಡಿ. ಅಂಗಡಿ ಸಾಲಿನಲ್ಲಿ ಕೆಲಸವಿದ್ದರೆ ಬೆಳಿಗ್ಗೆ ಶೆಟರ್ ಏರುವ ಮುಂಚೆ ಮುಗಿಸುವುದು ಲೇಸು. ತೀನ್ ಕಂದೀಲ್, ಗಂಜ್ ಕಡೆ ಹತ್ತು ಗಂಟೆಗೆ ಟೊಂಗೆ ಇಳಿಸಲು ಹೋದರೆ ಕೆಳಗೆ ಬೈಕು ನಿಲ್ಲಿಸಿದವರ ಜೊತೆ ಜಗಳವೇ ಆದೀತು.

ವೈರು ಹತ್ತಿರ ಇದ್ದರೆ

ಹಸಿ ಟೊಂಗೆಯಲ್ಲಿ ನೀರಿದೆ, ನೀರಿದ್ದಲ್ಲಿ ಕರೆಂಟು ಹರಿಯುತ್ತದೆ. ಟೊಂಗೆ ವೈರಿಗೆ ತಾಗಿದ್ದರೆ, ಕಡಿದಾಗ ವೈರಿನ ಮೇಲೆ ಬೀಳುವ ಹಾಗಿದ್ದರೆ, ಮನೆಯವರಾಗಲಿ ಕೂಲಿಯವರಾಗಲಿ ಮುಟ್ಟಬಾರದು. ಬಿದಿರಿನ ಗಳಕ್ಕೆ ಕುಡುಗೋಲು ಕಟ್ಟಿ ಎಳೆಯುವುದು ಇನ್ನೂ ಅಪಾಯ. ಜೆಸ್ಕಾಂ ಸಹಾಯವಾಣಿ 1912ಕ್ಕೆ ಕರೆ ಮಾಡಿ ದೂರು ಸಂಖ್ಯೆ ಪಡೆಯಬೇಕು, ಅಥವಾ ಹತ್ತಿರದ ಶಾಖಾ ಕಚೇರಿಯಲ್ಲಿ ಬರೆದು ಕೊಡಬೇಕು. ಲೈನ್ ಬಂದ್ ಮಾಡಿಸಿಕೊಂಡು ಅವರ ಸಿಬ್ಬಂದಿಯೇ ಕತ್ತರಿಸಬೇಕು. "ಕರೆಂಟ್ ಹೋಗ್ಯದ, ಈಗ ಹತ್ರಿ" ಎನ್ನುವುದು ಎಲ್ಲಕ್ಕಿಂತ ಕೆಟ್ಟ ಧೈರ್ಯ. ಹೋದದ್ದು ಯಾವ ಗಳಿಗೆಯಲ್ಲಾದರೂ ಬರುತ್ತದೆ, ಪಕ್ಕದ ಅಂಗಡಿಯ ಜನರೇಟರಿನಿಂದಲೂ ಬಂದೀತು.

ಕಾನೂನು ಏನು ಹೇಳುತ್ತದೆ

ಈ ಭಾಗದ ಮಾತಿನಲ್ಲಿ ಬೇವೂ ಗಿಡ, ಆಲವೂ ಗಿಡ. ಅರ್ಜಿಯಲ್ಲಿ ಮಾತ್ರ "ಮರ" ಎಂದು ಬರೆಯಬೇಕು, ಯಾಕೆಂದರೆ ಅನ್ವಯವಾಗುವುದು ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ, 1976. ಸ್ವಂತ ಜಾಗದ ಮರವಾದರೂ ಕಡಿಯಲು ಅರಣ್ಯ ಇಲಾಖೆಯ ವೃಕ್ಷಾಧಿಕಾರಿಯ ಅನುಮತಿ ಬೇಕು. ಬಹಳ ಜನಕ್ಕೆ ಗೊತ್ತಿರದ ಸಂಗತಿ ಇನ್ನೊಂದಿದೆ: ಈ ಕಾಯ್ದೆಯಲ್ಲಿ ಮರ ಕಡಿಯುವುದು ಎಂದರೆ ಬುಡ ಕೊಯ್ಯುವುದಷ್ಟೇ ಅಲ್ಲ. ಸುಡುವುದು, ಕತ್ತರಿಸುವುದು, ಬೇರೆ ರೀತಿಯಲ್ಲಿ ಹಾನಿ ಮಾಡುವುದೂ ಅದರಲ್ಲಿ ಸೇರಿದೆ. "ಬುಡ ಹಂಗೇ ಅದಲ್ರಿ" ಎಂಬ ಸಮಜಾಯಿಷಿ ನಡೆಯುವುದಿಲ್ಲ. ಬುಡಕ್ಕೆ ಆಸಿಡ್ ಹಾಕಿ, ತೊಗಟೆ ಸುತ್ತ ಸುಲಿದು ತಾನೇ ಒಣಗಿತೆಂದು ತೋರಿಸುವುದೂ ಅಪರಾಧವೇ. ಶಿಕ್ಷೆ ದಂಡಕ್ಕೇ ನಿಲ್ಲುವುದಿಲ್ಲ, ಜೈಲಿಗೂ ಅವಕಾಶವಿದೆ.

ಮರ ಸತ್ತಿದೆ, ರೋಗದಿಂದ ಹಾಳಾಗಿದೆ, ಗಾಳಿಗೆ ಬಿದ್ದಿದೆ, ಜೀವಕ್ಕೋ ಆಸ್ತಿಗೋ ಅಪಾಯ, ಸಂಚಾರಕ್ಕೆ ಅಡ್ಡಿ ಎಂಬಂಥ ಕಾರಣಗಳಿಗೆ ಅನುಮತಿ ಸಿಗುತ್ತದೆ. ಬದಲಿ ಸಸಿ ನೆಡುವ ಷರತ್ತು ಜೊತೆಗಿರುತ್ತದೆ. ನೀಲಗಿರಿ, ಸರ್ವೆ, ಸುಬಾಬುಲ್, ಸಿಲ್ವರ್ ಓಕ್, ತೆಂಗಿನಂಥ ಕೆಲವು ಜಾತಿಗಳಿಗೆ ವಿನಾಯಿತಿ ಇದೆ. ಹಿತ್ತಲಲ್ಲಿ ಶ್ರೀಗಂಧ ಹುಟ್ಟಿದ್ದರೆ ಅರಣ್ಯ ಇಲಾಖೆಗೆ ಹೇಳದೆ ಕತ್ತಿ ತಾಗಿಸಬೇಡಿ. ಅರ್ಜಿಯ ಜೊತೆ ಮರದ ಫೋಟೊ, ಜಾಗದ ದಾಖಲೆ, ಯಾವ ಟೊಂಗೆ ಯಾಕೆ ಎಂಬ ಎರಡು ಸಾಲು ಇದ್ದರೆ ಸ್ಥಳ ಪರಿಶೀಲನೆ ಸುಲಭವಾಗುತ್ತದೆ.

ಅಂಗಡಿಯವರು ಗಮನಿಸಬೇಕಾದ ಮಾತು: ಅಂಗಡಿ ಮುಂದಿನ ರಸ್ತೆಬದಿಯ ಮರ ಅಂಗಡಿಯವರದಲ್ಲ, ಅವರೇ ನೀರು ಹಾಕಿ ಬೆಳೆಸಿದ್ದರೂ ಅಲ್ಲ. ಬೋರ್ಡು ಕಾಣುವುದಿಲ್ಲ ಎಂಬ ದೂರನ್ನು ರಾಯಚೂರಿನಲ್ಲಿ ಮಹಾನಗರ ಪಾಲಿಕೆಗೆ, ದೇವದುರ್ಗ-ಮಾನ್ವಿಯಲ್ಲಿ ಪುರಸಭೆಗೆ ಕೊಡಬೇಕು. ನಿಜ ಹೇಳಬೇಕೆಂದರೆ ಬೋರ್ಡನ್ನು ಎರಡಡಿ ಕೆಳಗಿಳಿಸುವುದು ಅಗ್ಗ. ಮೇ ತಿಂಗಳ ಮಧ್ಯಾಹ್ನ ಗಿರಾಕಿ ಗಾಡಿ ನಿಲ್ಲಿಸುವುದು ಬೋರ್ಡು ದೊಡ್ಡದಿದ್ದ ಕಡೆಯಲ್ಲ, ನೆಳ್ಳು ಇದ್ದ ಕಡೆ.

ಗೂಡಿನಲ್ಲಿ ಮೊಟ್ಟೆ, ಮರಿ ಇದ್ದರೆ ಕೆಲಸ ಮುಂದೂಡಬೇಕು. ಕಾಡುಹಕ್ಕಿಯ ಗೂಡು, ಮೊಟ್ಟೆ ಕೆಡಿಸುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯ ಸಾಲಿಗೇ ಸೇರಿಸುತ್ತದೆ. ಹೆಜ್ಜೇನು ಕಟ್ಟಿದ್ದರಂತೂ ಯಾರೂ ಹೇಳಬೇಕಿಲ್ಲ.

ಒಣಗಿದ ಬೇವು ಸತ್ತ ಬೇವಲ್ಲ

ಮಳೆಗಾಲ ಮುಗಿಯುವ ಹೊತ್ತಿಗೆ ಬೇವಿನ ತುದಿಗಳು ಕಂದು ತಿರುಗಿ, ಬೆಂಕಿ ತಾಗಿದ ಹಾಗೆ ಒಣಗುವುದನ್ನು ಬಹಳ ಜನ ನೋಡಿರಬಹುದು. 2021ರಲ್ಲಿ ಪಕ್ಕದ ತೆಲಂಗಾಣದಲ್ಲಿ ಇದು ದೊಡ್ಡ ಸುದ್ದಿಯಾಗಿತ್ತು. ಇದು ಫೊಮಾಪ್ಸಿಸ್ ಎಂಬ ಶಿಲೀಂಧ್ರದಿಂದ ಬರುವ ತುದಿ ಒಣಗುವ ರೋಗ. ಮಳೆಹನಿಯ ಜೊತೆ ಹರಡುತ್ತದೆ, ಚಹಾ ಸೊಳ್ಳೆ ಎಂಬ ರಸ ಹೀರುವ ಕೀಟವೂ ಕೈಗೂಡಿಸುತ್ತದೆ. "ಗಿಡ ಸತ್ತದ" ಎಂದು ಅವಸರದಲ್ಲಿ ಕಡಿಸಿದರೆ ಬದುಕುವ ಗಿಡವನ್ನೇ ಕಡಿಸಿದಂತಾದೀತು. ಬೇಸಿಗೆಯ ಚಿಗುರಿನವರೆಗೆ ಕಾಯಬೇಕು, ಹೆಚ್ಚಿನ ಬೇವು ತಿರುಗಿ ಹಸಿರಾಗುತ್ತವೆ. ಉಗುರಿನಿಂದ ತೊಗಟೆ ಕೆರೆದು ನೋಡಿ, ಒಳಗೆ ಹಸಿರಿದ್ದರೆ ಜೀವ ಇದೆ. ಕೈಗೆಟಕುವ ಒಣ ತುದಿಗಳನ್ನು ಹಸಿರು ಭಾಗದ ತನಕ ಕತ್ತರಿಸಿ ದೂರ ಒಯ್ದು ನಾಶ ಮಾಡಬೇಕು. ಔಷಧ ಸಿಂಪಡಿಸುವ ವಿಚಾರವನ್ನು ರಾಯಚೂರಿನ ಕೃಷಿ ವಿಶ್ವವಿದ್ಯಾಲಯದವರಲ್ಲಿ ಕೇಳಿಯೇ ತೀರ್ಮಾನಿಸುವುದು ಒಳ್ಳೆಯದು, ದೊಡ್ಡ ಬೇವಿನ ನೆತ್ತಿಗೆ ಪಂಪು ಎಟಕುವುದೂ ಇಲ್ಲ.

ಬೇರೆ ಗಿಡಗಳ ಬಗ್ಗೆ ಒಂದೆರಡು ಮಾತು. ಗುಲ್ಮೊಹರ್ ಕಟ್ಟಿಗೆ ಪೊಳ್ಳು, ಬೇರು ಮೇಲ್ಮೇಲೆ, ಕಾರು ನಿಲ್ಲಿಸುವ ಜಾಗದಲ್ಲಿದ್ದರೆ ಪ್ರತಿವರ್ಷ ಒಣ ಟೊಂಗೆ ತೆಗೆಸಬೇಕು. ತೆಂಗಿನ ಒಣ ಗರಿ ಮಾತ್ರ ತೆಗೆಯಬೇಕು, ಸುಳಿ ಕತ್ತರಿಸಿದರೆ ಮರವೇ ಹೋಯಿತು. ಬೇಗ ಹಸಿರಾಗುತ್ತದೆಂದು ಕೆಲವರು ಹಚ್ಚುವ ಕೊನೊಕಾರ್ಪಸ್ ಬೇರು ಪೈಪು, ಚರಂಡಿ ಹುಡುಕಿಕೊಂಡು ಹೋಗುತ್ತದೆ. ಗುಜರಾತ್ ಸರ್ಕಾರ 2023ರಲ್ಲಿ ಅದನ್ನು ನೆಡುವುದನ್ನೇ ನಿಷೇಧಿಸಿತು.

ಬೀಳುವ ಗಿಡದ ಕಾರಣ ಕೆಳಗಿರುತ್ತದೆ

ಎರೆಮಣ್ಣು ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ, ಮೊದಲ ಮಳೆಗೆ ಉಬ್ಬಿ ಮೆತ್ತಗಾಗುತ್ತದೆ. ಚರಂಡಿ, ಸಿಸಿ ರಸ್ತೆ, ಕಾಂಪೌಂಡ್ ಪಾಯಕ್ಕಾಗಿ ಒಂದು ಬದಿಯ ಬೇರು ಕಡಿದಿದ್ದರೆ ಆ ಗಿಡ ಮೊದಲ ಬಿರುಗಾಳಿಗೇ ಇನ್ನೊಂದು ಬದಿಗೆ ವಾಲುತ್ತದೆ. ತಲೆ ಬೋಳಿಸಿ ಇದನ್ನು ಸರಿಮಾಡಲಾಗದು. ಬುಡದಲ್ಲಿ ಹೊಸ ಬಿರುಕು, ಅಣಬೆ, ಬಡಿದರೆ ಟೊಳ್ಳು ಸದ್ದು, ಇತ್ತೀಚೆಗೆ ಹೆಚ್ಚಿದ ವಾಲು, ಇವುಗಳಲ್ಲಿ ಒಂದು ಕಂಡರೂ ಫೋಟೊ ತೆಗೆದು ಅರಣ್ಯ ಕಚೇರಿಗೂ ಪಾಲಿಕೆ ಅಥವಾ ಪುರಸಭೆಗೂ ಲಿಖಿತವಾಗಿ ತಿಳಿಸಬೇಕು, ಅಲ್ಲಿಯವರೆಗೆ ಕೆಳಗೆ ಬಂಡಿ, ಗಾಡಿ ನಿಲ್ಲಿಸಬಾರದು. ದೆಹಲಿಯ ಮರಗಳ ಬುಡದ ಸುತ್ತ ಒಂದು ಮೀಟರ್ ಜಾಗದ ಕಾಂಕ್ರೀಟ್ ಒಡೆಯಿರಿ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲಿ ಆದೇಶಿಸಿತ್ತು. ಅಂಗಡಿ ಮುಂದೆ ಟೈಲ್ಸ್ ಹಾಕಿಸುವವರು ಅಷ್ಟು ಜಾಗ ಬಿಟ್ಟರೆ ಸಾಕು, ನೀರು ತಾನೇ ಇಳಿಯುತ್ತದೆ.

ಸವರಿದ ಮೇಲೆ ಆ ಬೇಸಿಗೆ ಪೂರ್ತಿ ವಾರಕ್ಕೊಮ್ಮೆ ನಾಲ್ಕೈದು ಕೊಡ ನೀರು ಹಾಕಿದರೆ ಗಿಡ ಬೇಗ ಸುಧಾರಿಸುತ್ತದೆ. ಇಳಿಸಿದ ಸೊಪ್ಪನ್ನು ರಸ್ತೆಯಲ್ಲಿ ಸುಡಬೇಡಿ. ರೋಗವಿಲ್ಲದ ಬೇವಿನ ಎಲೆ ನೆರಳಲ್ಲಿ ಒಣಗಿಸಿದರೆ ಜೋಳದ ಚೀಲಕ್ಕೆ ಬರುತ್ತದೆ, ಉಳಿದದ್ದಕ್ಕೆ ಓಣಿಯಲ್ಲಿ ಆಡು ಸಾಕಿದವರು ಯಾರಾದರೂ ಇದ್ದೇ ಇರುತ್ತಾರೆ.