ಹಳೆಯ ಗಣಕಯಂತ್ರಗಳನ್ನು ಯುಇಎಫ್‌ಐ ವಿಧಾನಕ್ಕೆ ಬದಲಾಯಿಸುವ ಬಗ್ಗೆ ಅರ್ಜಿದಾರರಿಗೆ ಮಾಹಿತಿ

ಹಾಸನ ತಾಲ್ಲೂಕಿನ ಮೊಸಳೆ ಹಾಗೂ ಸುತ್ತಮುತ್ತಲ ಗ್ರಾಮಗಳಲ್ಲಿ ಸ್ವಂತ ಗಣಕಯಂತ್ರದಿಂದ ಸೇವಾಸಿಂಧು ಜಾಲತಾಣಕ್ಕೆ ಅರ್ಜಿ ಸಲ್ಲಿಸುವ ನಾಗರಿಕರ ಅನುಕೂಲಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಅರ್ಜಿ ಸಲ್ಲಿಸಲು ಈ ಬದಲಾವಣೆ ಕಡ್ಡಾಯವಲ್ಲ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯ ಸಾಮಾನ್ಯ ಬೆಂಬಲವು ದಿನಾಂಕ 14-10-2025ರಂದು ಮುಕ್ತಾಯಗೊಂಡಿರುತ್ತದೆ. ವಿಂಡೋಸ್ 11 ಅಳವಡಿಸಲು ಯುಇಎಫ್‌ಐ ಅವಶ್ಯ. ಇದರ ಜೊತೆಗೆ ಟಿಪಿಎಂ 2.0 ಹಾಗೂ ನಿಗದಿತ ಪಟ್ಟಿಯಲ್ಲಿರುವ ಪ್ರೊಸೆಸರ್ ಕೂಡ ಬೇಕಾಗಿದ್ದು, ಅವು ಇಲ್ಲದ ಯಂತ್ರದಲ್ಲಿ ಈ ಉದ್ದೇಶಕ್ಕಾಗಿ ಬದಲಾವಣೆ ಮಾಡುವುದು ವ್ಯರ್ಥ.

ಗಣಕಯಂತ್ರವನ್ನು ಚಾಲೂ ಮಾಡಿದೊಡನೆ ವಿಂಡೋಸ್‌ಗಿಂತ ಮೊದಲು ಕಾರ್ಯಾರಂಭ ಮಾಡುವ ಮೂಲ ತಂತ್ರಾಂಶದ ಹಳೆಯ ರೂಪ ಬಯಾಸ್. ಹೊಸ ರೂಪ ಯುಇಎಫ್‌ಐ. ಬಯಾಸ್ ವಿಧಾನದ ವಿಂಡೋಸ್ ಡಿಸ್ಕ್ ಎಂಬಿಆರ್ ಮಾದರಿಯಲ್ಲಿಯೂ, ಯುಇಎಫ್‌ಐ ವಿಧಾನದ್ದು ಜಿಪಿಟಿ ಮಾದರಿಯಲ್ಲಿಯೂ ಇರತಕ್ಕದ್ದು. ಸಿಸ್ಟಮ್ ಇನ್ಫರ್ಮೇಶನ್ ಪುಟದ 'ಬಯಾಸ್ ಮೋಡ್' ಎಂಬಲ್ಲಿ 'ಲೆಗಸಿ' ಎಂದಿದ್ದರೆ ಯಂತ್ರವು ಹಳೆಯ ವಿಧಾನದಲ್ಲಿದೆ ಎಂದು ತಿಳಿಯುವುದು.

ಡಿಸ್ಕ್ ಪರಿವರ್ತಿಸದೆ ಸೆಟ್ಟಿಂಗ್ ಮಾತ್ರ ಬದಲಾಯಿಸಿದಲ್ಲಿ ವಿಂಡೋಸ್ ತೆರೆಯುವುದಿಲ್ಲ. ಡಿಸ್ಕ್ ಕೆಟ್ಟಿದೆಯೆಂದು ಭಾವಿಸಿ ಫಾರ್ಮ್ಯಾಟ್ ಮಾಡಿಸಿದರೆ ಸ್ಕ್ಯಾನ್ ಮಾಡಿಟ್ಟ ಕ್ರಯಪತ್ರ, ಅಂಕಪಟ್ಟಿ, ಭಾವಚಿತ್ರಗಳೆಲ್ಲವೂ ಅಳಿಸಿಹೋಗುತ್ತವೆ. ಸೆಟ್ಟಿಂಗನ್ನು ಮೊದಲಿನಂತೆ 'ಲೆಗಸಿ'ಗೆ ಮರಳಿಸಿದರೆ ಸಾಕು, ಯಂತ್ರ ಪುನಃ ತೆರೆಯುತ್ತದೆ.

ಆದ್ದರಿಂದ ಮೊದಲು ಎಲ್ಲಾ ಕಡತಗಳನ್ನು ಪೆನ್‌ಡ್ರೈವ್ ಅಥವಾ ಬೇರೊಂದು ಡಿಸ್ಕ್‌ಗೆ ನಕಲು ಮಾಡಿಕೊಳ್ಳತಕ್ಕದ್ದು. ಅರ್ಜಿಯ ಸ್ವೀಕೃತಿ ಸಂಖ್ಯೆ, ಜಾತಿ ಮತ್ತು ಆದಾಯ ಪ್ರಮಾಣಪತ್ರಗಳ ಆರ್.ಡಿ. ಸಂಖ್ಯೆಗಳನ್ನು ಕಾಗದದಲ್ಲಿಯೂ ಬರೆದಿಟ್ಟುಕೊಳ್ಳುವುದು ಒಳಿತು. ಬಿಟ್‌ಲಾಕರ್ ಚಾಲ್ತಿಯಲ್ಲಿದ್ದರೆ ತಾತ್ಕಾಲಿಕವಾಗಿ ಸ್ಥಗಿತಗೊಳಿಸಬೇಕು. ನಂತರ 2017ರ 1703 ಆವೃತ್ತಿಯಿಂದ ವಿಂಡೋಸ್ 10ರಲ್ಲಿಯೇ ಇರುವ ಎಂಬಿಆರ್‌ಟುಜಿಪಿಟಿ ಉಪಕರಣದಿಂದ ಮೊದಲು ಪರಿಶೀಲನೆ, ಅದು ಯಶಸ್ವಿಯಾದಲ್ಲಿ ಮಾತ್ರ ಪರಿವರ್ತನೆ ಮಾಡತಕ್ಕದ್ದು. ಮೂರಕ್ಕಿಂತ ಹೆಚ್ಚು ಪ್ರಾಥಮಿಕ ವಿಭಾಗಗಳಿರುವ ಡಿಸ್ಕನ್ನು ಉಪಕರಣವು ಒಪ್ಪುವುದಿಲ್ಲ. ಮಧ್ಯೆ ವಿದ್ಯುತ್ ಹೋದರೆ ಹಾನಿಯಾಗುವ ಸಂಭವವಿರುವುದರಿಂದ ಯು.ಪಿ.ಎಸ್. ಇಲ್ಲದೆ ಈ ಕೆಲಸಕ್ಕೆ ಕೈಹಾಕಬಾರದು.

ಪರಿವರ್ತನೆಯಾದ ಮೇಲಷ್ಟೇ ಯಂತ್ರವನ್ನು ಮರುಚಾಲನೆಗೊಳಿಸಿ, ಸೆಟಪ್ ಪುಟದಲ್ಲಿ 'ಲೆಗಸಿ' ಬದಲು 'ಯುಇಎಫ್‌ಐ' ಆಯ್ಕೆ ಮಾಡಬೇಕು. ಯಂತ್ರಕ್ಕೆ ಅನುಗುಣವಾಗಿ ಈ ಪುಟವು ಎಫ್2, ಎಫ್10 ಅಥವಾ ಡಿಲೀಟ್ ಕೀಲಿಯಿಂದ ತೆರೆಯುತ್ತದೆ. ಕಡತಗಳೂ, ನುಡಿ ಮೊದಲಾದ ತಂತ್ರಾಂಶಗಳೂ ಇದ್ದಂತೆಯೇ ಉಳಿಯುವುದರಿಂದ ಮರುಸ್ಥಾಪನೆಯ ಅಗತ್ಯವಿರುವುದಿಲ್ಲ.

ಅರ್ಜಿಯ ಕೊನೆಯ ದಿನಾಂಕ ಸಮೀಪಿಸಿರುವವರು ಈ ಕೆಲಸವನ್ನು ಮುಂದೂಡಿ, ಗ್ರಾಮ ಒನ್ ಕೇಂದ್ರ ಅಥವಾ ನಾಡಕಚೇರಿಯಲ್ಲಿ ಅರ್ಜಿ ಸಲ್ಲಿಸಬಹುದಾಗಿದೆ.