ಯು.ಸಿ. ಬ್ರೌಸರ್ ಪ್ರಕರಣ: ಆಕ್ರೋಶವೆಷ್ಟು, ಸತ್ಯವೆಷ್ಟು?

ಚಂದ್ರವಳ್ಳಿಯ ಮಣ್ಣನ್ನು ಅಗೆದವರು ಇತಿಹಾಸದ ವಿದ್ಯಾರ್ಥಿಗಳಿಗೆ ಒಂದು ದೊಡ್ಡ ಪಾಠವನ್ನು ಬಿಟ್ಟುಹೋಗಿದ್ದಾರೆ. ಮೈಸೂರು ಪುರಾತತ್ತ್ವ ಇಲಾಖೆಯ ಡಾ. ಎಂ. ಎಚ್. ಕೃಷ್ಣ ಅವರು ಅಲ್ಲಿ ಉತ್ಖನನ ನಡೆಸಿದರು. ಅನಂತರ 1947ರಲ್ಲಿ ಮಾರ್ಟಿಮರ್ ವೀಲರ್ ಅವರು ಚಂದ್ರವಳ್ಳಿಯನ್ನೂ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯನ್ನೂ ಅಗೆಸಿದರು. ಶಾತವಾಹನರ ನಾಣ್ಯಗಳ ಜೊತೆಗೆ ರೋಮ್ ಸಾಮ್ರಾಜ್ಯದ ನಾಣ್ಯಗಳೂ ಚಂದ್ರವಳ್ಳಿಯಲ್ಲಿ ದೊರೆತವು. ಚೀನಾದ ನಾಣ್ಯವೊಂದು ಸಿಕ್ಕಿತೆಂಬ ಉಲ್ಲೇಖವೂ ಹಳೆಯ ಇತಿಹಾಸ ಗ್ರಂಥಗಳಲ್ಲಿ ಇದೆ. ಇಂತಹ ವಸ್ತು ಕೈಗೆ ಬಂದಾಗ ಅದು ಯಾವ ದೇಶದ್ದು ಎಂಬ ಪ್ರಶ್ನೆಯ ಜೊತೆಗೆ, ಯಾವ ಪದರದಲ್ಲಿ ಸಿಕ್ಕಿತು ಎಂಬ ಪ್ರಶ್ನೆಯನ್ನೂ ಕೇಳಲೇಬೇಕು. ಮೇಲಿನ ಪದರದ ವಸ್ತುವನ್ನು ಕೆಳಗಿನ ಪದರಕ್ಕೆ ಸೇರಿಸಿಬಿಟ್ಟರೆ ಸಾವಿರ ವರ್ಷಗಳ ಇತಿಹಾಸ ತಲೆಕೆಳಗಾಗುತ್ತದೆ.

ಈ ನಿಯಮವು ಎರಡು ಸಾವಿರ ವರ್ಷಗಳ ಹಿಂದಿನ ಸಂಗತಿಗಳಿಗೆ ಮಾತ್ರ ಅನ್ವಯಿಸುವುದೆಂದು ತಿಳಿಯಬೇಕಾಗಿಲ್ಲ. ನಿನ್ನೆ ಮೊನ್ನೆಯ ಗದ್ದಲಗಳಿಗೂ ಅನ್ವಯಿಸುತ್ತದೆ. ಉದಾಹರಣೆಗೆ ಯು.ಸಿ. ಬ್ರೌಸರ್ ಎಂಬ ಚೀನೀ ಜಾಲದರ್ಶಕ ತಂತ್ರಾಂಶದ ಕಥೆಯನ್ನು ತೆಗೆದುಕೊಳ್ಳೋಣ. 2020ರ ಜೂನ್ ತಿಂಗಳಲ್ಲಿ ಅದರ ವಿರುದ್ಧ ಎದ್ದ ಆಕ್ರೋಶ ನಿಮ್ಮೆಲ್ಲರಿಗೂ ನೆನಪಿರಬಹುದು. ‘ಇದು ಚೀನಾದ ಗೂಢಚಾರ, ಗೂಗಲ್ ಸಂಸ್ಥೆಯೇ ಇದನ್ನು ಕಳ್ಳನೆಂದು ಹೊರಗಟ್ಟಿದೆ, ಇದನ್ನು ಇಟ್ಟುಕೊಂಡವನು ದೇಶದ್ರೋಹಿ’ ಎಂಬ ಧಾಟಿಯ ಸಂದೇಶಗಳು ಊರೂರುಗಳಲ್ಲಿ ಹರಿದಾಡಿದವು. ಈ ಮಾತುಗಳಲ್ಲಿ ನಿಜವೆಷ್ಟು? ಪದರ ಪದರವಾಗಿ ಬಿಡಿಸಿ ನೋಡೋಣ.

ಮೊದಲನೆಯ ಪದರ, ಅದು ನಮ್ಮಲ್ಲಿಗೆ ಬಂದ ಬಗೆ. ಈ ಬ್ರೌಸರ್ 2004ರಲ್ಲಿ ಚೀನಾದಲ್ಲಿ ಹುಟ್ಟಿತು. 2014ರಲ್ಲಿ ಅಲಿಬಾಬಾ ಸಂಸ್ಥೆಯು ಅದರ ಒಡೆತನವನ್ನು ಸಂಪೂರ್ಣವಾಗಿ ಪಡೆಯಿತು. ಭಾರತದಲ್ಲಿ ಮೊಬೈಲಿನ ಮೂಲಕ ಅಂತರಜಾಲ ನೋಡುವವರ ಪೈಕಿ ಅರ್ಧಕ್ಕೂ ಹೆಚ್ಚು ಪಾಲು ಒಂದು ಕಾಲಕ್ಕೆ ಇದರದೇ ಆಗಿತ್ತು. ಕಾರಣ ಸರಳ. ಹತ್ತಿಯನ್ನು ಒತ್ತಿ ಬೇಲು ಕಟ್ಟಿ ಸಾಗಿಸುವಂತೆ, ನಾವು ಕೇಳಿದ ಪುಟವನ್ನು ಇದು ಮೊದಲು ತನ್ನ ಕಂಪನಿಯ ಗಣಕಗಳಿಗೆ ತರಿಸಿಕೊಂಡು, ಅಲ್ಲಿ ಕುಗ್ಗಿಸಿ, ಬಳಿಕ ನಮ್ಮ ಫೋನಿಗೆ ಕಳುಹಿಸುತ್ತಿತ್ತು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಡೇಟಾ ಅಗ್ಗವಾಗುವವರೆಗೆ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಹಳ್ಳಿಗಳಲ್ಲಿ ಸಣ್ಣ ಫೋನು ಮತ್ತು ನಿಧಾನಗತಿಯ 2ಜಿ ಸಂಪರ್ಕವನ್ನು ನಂಬಿದ್ದವರಿಗೆ ಇದು ದೊಡ್ಡ ಅನುಕೂಲ. ಪರೀಕ್ಷೆಯ ಫಲಿತಾಂಶ ನೋಡುವುದಕ್ಕೋ, ಉದ್ಯೋಗದ ಪ್ರಕಟಣೆ ಹುಡುಕುವುದಕ್ಕೋ ಅದನ್ನು ಬಳಸಿದ ಹುಡುಗರು ದೇಶವನ್ನು ಮಾರಲು ಹೊರಟವರಲ್ಲ. ಹತ್ತು ರೂಪಾಯಿಯ ರೀಚಾರ್ಜನ್ನು ನಾಲ್ಕು ದಿನ ಎಳೆಯಲು ಹೊರಟವರು. ಆದರೆ ಈ ಉಳಿತಾಯಕ್ಕೆ ಒಂದು ಬೆಲೆಯಿತ್ತು. ಕುಗ್ಗಿಸುವವನು ನೋಡದೆ ಕುಗ್ಗಿಸಲಾರ. ನಾವು ಓದುವುದರ ಬಹುಪಾಲು ಅವನ ಕಣ್ಣಮುಂದೆ ಹಾದುಹೋಗುತ್ತಿತ್ತು.

ಎರಡನೆಯ ಪದರ 2015ರದು. ಆ ವರ್ಷದ ಮೇ ತಿಂಗಳಲ್ಲಿ ಕೆನಡಾದ ಟೊರಾಂಟೊ ವಿಶ್ವವಿದ್ಯಾನಿಲಯದ ಸಿಟಿಜನ್ ಲ್ಯಾಬ್ ಎಂಬ ಸಂಶೋಧನಾ ಕೇಂದ್ರವು ಈ ಬ್ರೌಸರನ್ನು ಕುರಿತು ವಿವರವಾದ ವರದಿಯೊಂದನ್ನು ಪ್ರಕಟಿಸಿತು. ಫೋನಿನ ಗುರುತಿನ ಸಂಖ್ಯೆ, ಸಿಮ್ಮಿನ ಗುರುತಿನ ಸಂಖ್ಯೆ, ಬಳಕೆದಾರನಿರುವ ಸ್ಥಳ ಮೊದಲಾದವು ಸರಿಯಾದ ಗೂಢಲಿಪಿಯ ರಕ್ಷಣೆಯಿಲ್ಲದೆ ಹೋಗುತ್ತಿದ್ದವೆಂದು ಅದು ತೋರಿಸಿಕೊಟ್ಟಿತು. ಅಂಟಿಸಿದ ಲಕೋಟೆಯಲ್ಲಿ ಹೋಗಬೇಕಾದುದು ಅಂಚೆ ಕಾರ್ಡಿನಂತೆ ದಾರಿಯಲ್ಲಿ ಯಾರು ಬೇಕಾದರೂ ಓದುವಂತೆ ಹೋಗುತ್ತಿತ್ತು ಎಂದರೆ ಅರ್ಥವಾದೀತು.

ಇಲ್ಲಿ ಎರಡು ಸೂಕ್ಷ್ಮಗಳಿವೆ. ಈ ಗಂಭೀರ ದೋಷಗಳು ಕಂಡುಬಂದದ್ದು ಮುಖ್ಯವಾಗಿ ಚೀನೀ ಭಾಷೆಯ ಆವೃತ್ತಿಯಲ್ಲಿ. ಇಂಗ್ಲಿಷ್ ಆವೃತ್ತಿಯಲ್ಲಿ ಕಂಡ ದೋಷ ಸ್ವಲ್ಪ ಚಿಕ್ಕದು: ನಾವು ಹುಡುಕಲು ಬರೆದ ಪದಗಳು ರಕ್ಷಣೆಯಿಲ್ಲದೆ ಹೋಗುತ್ತಿದ್ದವು. ಎರಡನೆಯ ಸೂಕ್ಷ್ಮವಂತೂ ಆಶ್ಚರ್ಯಕರ. ಎಡ್ವರ್ಡ್ ಸ್ನೋಡೆನ್ ಬಯಲುಮಾಡಿದ ಕಡತಗಳ ಪ್ರಕಾರ, ಈ ಸೋರಿಕೆಯನ್ನು ಮೊದಲೇ ಪತ್ತೆಹಚ್ಚಿ ಗೂಢಚರ್ಯೆಗೆ ಬಳಸಲು ಮುಂದಾದವರು ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡ್ ದೇಶಗಳ ಬೇಹುಗಾರಿಕೆಯ ಕೂಟದವರು. ಬಾಗಿಲನ್ನು ತೆರೆದಿಟ್ಟದ್ದು ಚೀನಾದ ಕಂಪನಿ; ಒಳಗೆ ಇಣುಕಿದ ದಾಖಲೆ ಸಿಕ್ಕಿರುವುದು ಇವರದು. ಆಕ್ರೋಶದ ಸಂದೇಶಗಳಲ್ಲಿ ಈ ಮಾತು ಎಲ್ಲಿಯೂ ಬರಲಿಲ್ಲ.

ಮೂರನೆಯ ಪದರ 2017. ಆ ವರ್ಷ ಜೂನ್‌ನಿಂದ ಆಗಸ್ಟ್‌ವರೆಗೆ ಡೋಕ್ಲಾಮ್‌ನಲ್ಲಿ ಎರಡು ದೇಶಗಳ ಸೈನಿಕರು ಎದುರುಬದುರಾಗಿ ನಿಂತಿದ್ದರು. ಯು.ಸಿ. ಬ್ರೌಸರ್ ಮಾಹಿತಿಯನ್ನು ಚೀನಾಕ್ಕೆ ಕಳುಹಿಸುತ್ತಿದೆಯೇ ಎಂದು ಕೇಂದ್ರ ಸರ್ಕಾರ ಪರಿಶೀಲಿಸುತ್ತಿರುವುದಾಗಿ ಆಗಸ್ಟಿನಲ್ಲಿ ಪತ್ರಿಕೆಗಳು ವರದಿ ಮಾಡಿದವು. ನವೆಂಬರಿನಲ್ಲಿ ಗೂಗಲ್ ಪ್ಲೇ ಸ್ಟೋರಿನಿಂದ ಅದು ಮಾಯವಾಯಿತು. ಜನರು ಎರಡನ್ನೂ ಗಂಟುಹಾಕಿ, ಕಳ್ಳತನ ಸಾಬೀತಾಯಿತೆಂದು ತೀರ್ಮಾನಿಸಿದರು. ಆದರೆ ಕಂಪನಿ ಕೊಟ್ಟ ವಿವರಣೆ, ತಂತ್ರಾಂಶದ ಒಂದು ವ್ಯವಸ್ಥೆ ಗೂಗಲ್ಲಿನ ನಿಯಮಕ್ಕೆ ಹೊಂದಿರಲಿಲ್ಲ ಎಂಬುದು. ಅದೇ ಕಂಪನಿಯ ಯು.ಸಿ. ಮಿನಿ ಆ ದಿನಗಳಲ್ಲಿಯೂ ಅಲ್ಲಿಯೇ ಇತ್ತು. ಸುಮಾರು ಒಂದು ವಾರದಲ್ಲಿ ದೊಡ್ಡಣ್ಣನೂ ಮರಳಿ ಬಂದ. ಕಳ್ಳನೆಂದು ಹೊರಗಟ್ಟಿದವರು ವಾರದಲ್ಲಿ ಮರಳಿ ಮನೆಯೊಳಗೆ ಬಿಟ್ಟುಕೊಳ್ಳುವರೇ?

ನಾಲ್ಕನೆಯ ಪದರದಲ್ಲಿ ನಾಲ್ಕು ಘಟನೆಗಳಿವೆ. 2019ರ ಮಾರ್ಚಿಯಲ್ಲಿ ಡಾಕ್ಟರ್ ವೆಬ್ ಎಂಬ ರಷ್ಯಾದ ಭದ್ರತಾ ಸಂಸ್ಥೆಯು, ಈ ಬ್ರೌಸರ್ ಪ್ಲೇ ಸ್ಟೋರನ್ನು ಬದಿಗಿಟ್ಟು ರಕ್ಷಣೆಯಿಲ್ಲದ ಮಾರ್ಗದಲ್ಲಿ ಹೊಸ ಭಾಗಗಳನ್ನು ಇಳಿಸಿಕೊಳ್ಳಬಲ್ಲುದೆಂದೂ, ದಾರಿಯಲ್ಲಿ ನಿಂತ ದುಷ್ಟರು ಅದರ ಬದಲಿಗೆ ತಮ್ಮದನ್ನು ತುರುಕಬಹುದೆಂದೂ ಎಚ್ಚರಿಸಿತು. 2020ರ ಜೂನ್ 15ರಂದು ಗಲ್ವಾನ್ ಕಣಿವೆಯಲ್ಲಿ ನಮ್ಮ ಇಪ್ಪತ್ತು ಮಂದಿ ಯೋಧರು ಪ್ರಾಣ ತೆತ್ತರು. ಜೂನ್ 29ರಂದು ಮಾಹಿತಿ ತಂತ್ರಜ್ಞಾನ ಕಾಯಿದೆಯ 69ಎ ಕಲಮಿನ ಅಡಿಯಲ್ಲಿ ಕೇಂದ್ರ ಸರ್ಕಾರವು ಯು.ಸಿ. ಬ್ರೌಸರ್, ಟಿಕ್‌ಟಾಕ್ ಸೇರಿದಂತೆ 59 ತಂತ್ರಾಂಶಗಳನ್ನು ನಿಷೇಧಿಸಿತು. ದೇಶದ ಸಾರ್ವಭೌಮತೆ ಮತ್ತು ಭದ್ರತೆಯ ಕಾರಣವನ್ನು ಅದು ನೀಡಿತು. ಒಂದೊಂದು ತಂತ್ರಾಂಶದ ಮೇಲಿನ ಸಾಕ್ಷ್ಯವನ್ನು ಬಿಡಿಬಿಡಿಯಾಗಿ ಸಾರ್ವಜನಿಕರ ಮುಂದೆ ಇಡಲಿಲ್ಲ. ಮರುವರ್ಷ, 2021ರ ಜೂನ್‌ನಲ್ಲಿ, ‘ಗುಪ್ತವಾಗಿ ನೋಡಿ’ ಎಂದು ಕೊಟ್ಟಿದ್ದ ಸೌಲಭ್ಯದಲ್ಲಿಯೂ ನೋಡಿದ ಪುಟಗಳ ವಿಳಾಸಗಳು ಕಂಪನಿಯ ಗಣಕಗಳಿಗೆ ಹೋಗುತ್ತಿದ್ದವೆಂಬುದನ್ನು ಭದ್ರತಾ ಸಂಶೋಧಕರು ಪತ್ತೆಮಾಡಿದ ಸಂಗತಿ ಫೋರ್ಬ್ಸ್ ಪತ್ರಿಕೆಯಲ್ಲಿ ಬಂದಿತು.

ಹಾಗಾದರೆ ಸಿಟ್ಟು ಮಾಡಿಕೊಂಡವರು ಗೆದ್ದರಲ್ಲವೇ ಎಂದು ನೀವು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಬ್ರೌಸರ್ ನಂಬಿಕೆಗೆ ಅರ್ಹವಾಗಿರಲಿಲ್ಲ ಎಂಬುದು ಮೂರು ಬೇರೆ ಬೇರೆ ಪರೀಕ್ಷೆಗಳಿಂದ ತಿಳಿದುಬಂದಿದೆ. ಉತ್ತರ ಸರಿ, ಆದರೆ ಲೆಕ್ಕ ಮಾಡಿದ ರೀತಿ ತಪ್ಪು. ಹೀಗೆ ಉತ್ತರ ಮಾತ್ರ ಸರಿಬಂದ ಲೆಕ್ಕಕ್ಕೆ ಗಣಿತದ ಮೇಷ್ಟರು ಪೂರ್ಣಾಂಕ ಕೊಡುವುದಿಲ್ಲ, ಏಕೆಂದರೆ ಮುಂದಿನ ಲೆಕ್ಕದಲ್ಲಿ ಅದೇ ರೀತಿ ಖಂಡಿತ ಕೈಕೊಡುತ್ತದೆ.

ಕೈಕೊಟ್ಟುದಕ್ಕೆ ನಿದರ್ಶನಗಳೂ ಉಂಟು. 2017ರ ಏಪ್ರಿಲ್‌ನಲ್ಲಿ ಅಮೆರಿಕದ ಸ್ನ್ಯಾಪ್‌ಚಾಟ್ ಸಂಸ್ಥೆಯ ಮುಖ್ಯಸ್ಥರು ಭಾರತವನ್ನು ಬಡದೇಶವೆಂದು ಹೀಗಳೆದರೆಂಬ ಆರೋಪ ಬಂದಾಗ, ಹೆಸರಿನ ಹೋಲಿಕೆಯಿಂದಾಗಿ ನಮ್ಮದೇ ದೇಶದ ಸ್ನ್ಯಾಪ್‌ಡೀಲ್ ಸಂಸ್ಥೆಯ ಮೇಲೆ ಜನ ಮುಗಿಬಿದ್ದರು. 2020ರಲ್ಲಿ ಚೀನೀ ತಂತ್ರಾಂಶಗಳನ್ನು ಹುಡುಕಿ ಅಳಿಸಲೆಂದು ಬಂದ ‘ರಿಮೂವ್ ಚೈನಾ ಆ್ಯಪ್ಸ್’ ಎಂಬ ತಂತ್ರಾಂಶವನ್ನು ಲಕ್ಷಾಂತರ ಮಂದಿ ಇಳಿಸಿಕೊಂಡರು; ನಿಯಮ ಉಲ್ಲಂಘನೆಯ ಕಾರಣಕ್ಕೆ ಗೂಗಲ್ ಸಂಸ್ಥೆಯು ಅದನ್ನೇ ಜೂನ್ ಮೊದಲ ವಾರದಲ್ಲಿ ತೆಗೆದುಹಾಕಿತು. ಸ್ವದೇಶಿ ಎಂಬ ಹೆಸರಿಗೂ ಪರೀಕ್ಷೆ ಬೇಕು. 2010ರಲ್ಲಿ ಬೆಂಗಳೂರಿನ ಹಿಡನ್ ರಿಫ್ಲೆಕ್ಸ್ ಕಂಪನಿಯು ಭಾರತೀಯರಿಗಾಗಿಯೇ ಎಂದು ಹೊರತಂದ ಎಪಿಕ್ ಬ್ರೌಸರ್ ಮೆಚ್ಚತಕ್ಕ ಸಾಹಸವೇ ಸರಿ. ಆದರೆ ಅದರ ತಳಹದಿ ಹೊರದೇಶದ ಫೈರ್‌ಫಾಕ್ಸ್. ಮುಂದೆ 2013ರ ಹೊತ್ತಿಗೆ ಅದು ಗೂಗಲ್ಲಿನವರ ಕ್ರೋಮಿಯಂ ತಳಹದಿಗೆ ಬದಲಾಯಿತು. ಇದರಲ್ಲಿ ಅವಮಾನವೇನೂ ಇಲ್ಲ. ಹೆಸರಿನ ಚೀಟಿಯನ್ನು ನೋಡಿ ಪ್ರೀತಿಸುವುದೂ ದ್ವೇಷಿಸುವುದೂ ಒಂದೇ ಬಗೆಯ ಸೋಮಾರಿತನ ಎಂಬುದಷ್ಟೇ ನನ್ನ ಮಾತು.

ಈ ಪ್ರಕರಣದಲ್ಲಿ ನನಗೆ ನಿಜವಾಗಿ ನೋವಾಗುವುದು ಬೇರೊಂದು ಕಾರಣಕ್ಕೆ. ಕಾಸಿಲ್ಲದ ಹುಡುಗನೊಬ್ಬ ಡೇಟಾ ಉಳಿಸಲು ಹೋಗಿ ತನ್ನ ಗುಟ್ಟನ್ನು ಬೆಲೆಯಾಗಿ ತೆತ್ತ. ಹಾಗೆ ತೆರುತ್ತಿರುವನೆಂದು 2015ರಲ್ಲಿ ಅವನ ಭಾಷೆಯಲ್ಲಿ ಬಿಡಿಸಿ ಹೇಳಿದವರು ಬಹಳ ವಿರಳ. ಐದು ವರ್ಷಗಳ ಅನಂತರ ಹೇಳಿದವರು ಬೈಗುಳದೊಡನೆ ಹೇಳಿದರು. ಅವನು ಹೆದರಿ ಅದನ್ನು ಅಳಿಸಿದ. ಯಾಕೆ ಅಳಿಸಬೇಕಾಯಿತೆಂಬುದನ್ನು ಮಾತ್ರ ಕಲಿಯಲಿಲ್ಲ. ಆದ್ದರಿಂದ ಇನ್ನೊಂದು ದೇಶದ, ಅಥವಾ ನಮ್ಮದೇ ದೇಶದ, ಮತ್ತೊಂದು ತಂತ್ರಾಂಶ ಅದೇ ಗುಟ್ಟನ್ನು ಕೇಳಿದಾಗ ಅವನು ಮರುಮಾತಿಲ್ಲದೆ ಒಪ್ಪಿಗೆಯನ್ನು ಒತ್ತುತ್ತಾನೆ.

ನಿಮ್ಮ ಮಕ್ಕಳ ಕೈಯಲ್ಲಿ ಇಂದು ಹಣ ಕಳುಹಿಸುವ, ಸಾಲ ಕೊಡುವ, ಆಟ ಆಡಿಸುವ ಹತ್ತಾರು ತಂತ್ರಾಂಶಗಳಿವೆ. ಯಾವುದಾದರೂ ಒಂದರ ಮೇಲೆ ಆಕ್ರೋಶದ ಸಂದೇಶ ಬಂದಾಗ ನಾಲ್ಕು ಪ್ರಶ್ನೆಗಳನ್ನು ಕೇಳಲು ಅವರಿಗೆ ಕಲಿಸಿರಿ. ಹೇಳಿದವರು ಯಾರು? ಯಾವ ವರ್ಷದಲ್ಲಿ ಹೇಳಿದರು? ಯಾವ ಆವೃತ್ತಿಯನ್ನು ಪರೀಕ್ಷಿಸಿ ಹೇಳಿದರು? ಆ ದೋಷವನ್ನು ಆಮೇಲೆ ಸರಿಪಡಿಸಿದ್ದಾರೆಯೇ? ಉತ್ತರ ಸಿಗುವವರೆಗೆ ಆ ತಂತ್ರಾಂಶವನ್ನು ಬಳಸದೆ ಇರುವುದು ಜಾಣತನ. ಆ ಸಂದೇಶವನ್ನು ಇನ್ನೊಬ್ಬರಿಗೆ ದಾಟಿಸದೆ ಇರುವುದೂ ಅಷ್ಟೇ ಜಾಣತನ.