ಅನಾದಿ ಕಾಲಕ್ಕೂ ಒಂದು ತಾರೀಖು ಇದೆ



ಪೋಸ್ಟ್ ಸ್ವಲ್ಪ ಉದ್ದ ಇದೆ. ಬಸ್ಸಲ್ಲಿ ಸೀಟು ಸಿಕ್ಕಾಗ ಓದ್ಕೊಳ್ಳಿ. ಸಿಲ್ಕ್ ಬೋರ್ಡ್ ಜಾಮ್‌ನಲ್ಲಿ ಸಿಕ್ಕಿಹಾಕ್ಕೊಂಡವರು ಎರಡು ಸಲ ಓದಬಹುದು.

ಹೋದ ವಾರ ನಮ್ಮ ಗುಂಪುಗಳಲ್ಲಿ ಈಸ್ಟರ್ ದ್ವೀಪದ ಕಲ್ಲಿನ ಮೂರ್ತಿಗಳ ವಿಡಿಯೊ ಓಡಾಡ್ತಿತ್ತು. ಇಷ್ಟು ದೊಡ್ಡ ಕಲ್ಲನ್ನ ಮನುಷ್ಯರು ಸಾಗಿಸೋಕೆ ಸಾಧ್ಯವೇ ಇಲ್ಲ, ಬೇರೆ ಗ್ರಹದವರು ಬಂದು ನಿಲ್ಲಿಸಿದ್ದು ಅಂತ ಅದರ ಸಾರಾಂಶ. ನಮ್ಮವರೇ ಐದಾರು ಜನ ಹೌದು ಹೌದು ಅಂದಿದ್ರು. ನನಗೆ ಸಿಟ್ಟು ಬಂತು. ಯಾಕೆ ಅಂತ ಹೇಳ್ತೀನಿ.

ಆ ದ್ವೀಪದ ಜನ ತಮ್ಮ ನೆಲವನ್ನ ರಾಪಾ ನೂಯಿ ಅಂತಾರೆ. ಮೂರ್ತಿಗಳು ನಿಂತಿದ್ದ ಕಲ್ಲಿನ ಕಟ್ಟೆಗೆ 'ಆಹು' ಅಂತ ಹೆಸರು. ಕಟ್ಟೆ ಮೇಲೆ ಕುಲದ ಹಿರಿಯರ ಮೂರ್ತಿ. ಅದೇ ಕಟ್ಟೆಯ ಒಳಗೆ, ಸುತ್ತಮುತ್ತ ಸತ್ತವರ ಮೂಳೆ. ಅಂದ್ರೆ ಅದು ಗುಡಿಯೂ ಹೌದು, ಸ್ಮಶಾನವೂ ಹೌದು. 1862ರಲ್ಲಿ ಪೆರು ದೇಶದಿಂದ ಗುಲಾಮರನ್ನ ಹಿಡಿಯೋ ಹಡಗುಗಳು ಬಂದು ಸಾವಿರಕ್ಕೂ ಹೆಚ್ಚು ಜನರನ್ನ ಎಳ್ಕೊಂಡು ಹೋದ್ವು. ಬದುಕಿ ವಾಪಸ್ ಬಂದ ಕೆಲವರ ಜೊತೆ ಸಿಡುಬೂ ಬಂತು. 1877ರ ಹೊತ್ತಿಗೆ ದ್ವೀಪದಲ್ಲಿ ಉಳಿದಿದ್ದವರು 111 ಜನ. ಕಟ್ಟಿದ ಕಥೆ ಹೇಳೋರು ಸತ್ತುಹೋದ ಮೇಲೆ, ಇದನ್ನ ಇವರು ಕಟ್ಟಿರೋಕೆ ಸಾಧ್ಯವಿಲ್ಲ ಅನ್ನೋದು ಎಷ್ಟು ಸುಲಭ ನೋಡಿ. 1868ರಲ್ಲಿ ಇಂಗ್ಲಿಷ್ ಹಡಗೊಂದು ಹೊತ್ಕೊಂಡು ಹೋದ ಮೂರ್ತಿ ಇವತ್ತಿಗೂ ಲಂಡನ್ನಿನ ಮ್ಯೂಸಿಯಮ್ಮಲ್ಲಿದೆ. 2018ರಲ್ಲಿ ಆ ದ್ವೀಪದವರು ಅಲ್ಲಿಗೇ ಹೋಗಿ, ಅದು ನಮ್ಮ ಹಿರೀಕ, ವಾಪಸ್ ಕೊಡಿ ಅಂತ ಕೇಳಿದ್ರು. ಬೇರೆ ಗ್ರಹದವರು ಯಾರೂ ಕೇಳೋಕೆ ಬರಲಿಲ್ಲ.

ಇದೇ ಆಟ ನಮ್ಮ ನೆಲದಲ್ಲೂ ನಡೆದಿದೆ. ಕೊಪ್ಪಳ ಜಿಲ್ಲೆ ಗಂಗಾವತಿ ಹತ್ತಿರ ಹಿರೇಬೆಣಕಲ್ ಅಂತ ಊರು. ಅದರ ಬೆಟ್ಟದ ಮೇಲೆ ಕಲ್ಲುಚಪ್ಪಡಿಯ ಸುಮಾರು 400 ಸ್ಮಾರಕಗಳಿವೆ. ಮೂರೋ ನಾಲ್ಕೋ ಚಪ್ಪಡಿ ಗೋಡೆ, ಮೇಲೊಂದು ಚಪ್ಪಡಿ ಸೂರು, ಒಂದು ಗೋಡೆಯಲ್ಲಿ ದುಂಡಗೆ ಕೊರೆದ ಕಿಂಡಿ. ಎರಡು ಸಾವಿರ ವರ್ಷಕ್ಕಿಂತ ಹಳೆಯವು, ಕಬ್ಬಿಣದ ಕಾಲದವು. ಸಾವಿಗೆ ಸಂಬಂಧಪಟ್ಟ ಈ ಕಟ್ಟಡಗಳಿಗೆ ಪುರಾತತ್ವದವರು ಬೃಹತ್ ಶಿಲಾ ಸಮಾಧಿ ಅಂತಾರೆ. ಊರವರ ಬಾಯಲ್ಲಿ ಅದು ಮೋರೇರ ಗುಡ್ಡ. ಮೋರೇರು ಅಂದ್ರೆ ಕುಳ್ಳರು, ಅವರು ಕಟ್ಟಿಕೊಂಡ ಮನೆಗಳು ಅಂತ ನಂಬಿಕೆ. ಬೇರೆ ಕಡೆ ಇಂಥವಕ್ಕೇ ಪಾಂಡವರ ಮನೆ ಅಂತಾರೆ. ಸುರಪುರದಲ್ಲಿದ್ದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಈ ಕಡೆಯ ಸಮಾಧಿಗಳನ್ನ ನೋಡಿ, ಅಗೆಸಿ, ಬರೆದ. ಬರೆದದ್ದು ಒಳ್ಳೇದೇ. ಆದರೆ ಅವನ ಲೇಖನದ ಶೀರ್ಷಿಕೆಯಲ್ಲೇ ಇವು ಕೆಲ್ಟರ, ಡ್ರೂಯಿಡರ, ಇಲ್ಲವೇ ಸಿಥಿಯನ್ನರ ಸ್ಮಾರಕಗಳು ಅಂತ ಇದೆ! ಕುಳ್ಳರು ಕಟ್ಟಿರಬಹುದು, ಪಾಂಡವರು ಕಟ್ಟಿರಬಹುದು, ಯೂರೋಪಿನಿಂದ ಬಂದವರೂ ಕಟ್ಟಿರಬಹುದು. ಇಲ್ಲೇ ದನ ಮೇಯಿಸ್ಕೊಂಡು, ರಾಗಿ ನವಣೆ ಬೆಳೆದ್ಕೊಂಡು, ಕಬ್ಬಿಣ ಕಾಯಿಸ್ಕೊಂಡಿದ್ದ ಜನ ಮಾತ್ರ ಕಟ್ಟಿರಬಾರದು.

ಇನ್ನೊಂದು ಮಾತು ನಮ್ಮ ಕಡೆಯವರಿಗೆ. ಹಿರೇಬೆಣಕಲ್ ಸಮಾಧಿಗಳು ದಲಿತರವು ಅಂತ ಕೆಲವು ಗೆಳೆಯರು ಬರೀತಾರೆ. ಆ ಆಸೆ ನನಗೂ ಅರ್ಥ ಆಗುತ್ತೆ. ಆದರೆ ಮೂಳೆಗೆ ತಹಸೀಲ್ದಾರ್ ಜಾತಿ ಪ್ರಮಾಣಪತ್ರ ಕೊಡಲ್ಲ. ಅಲ್ಲಿ ಮಲಗಿದವರು ಈವತ್ತಿನ ಎಲ್ಲ ಜಾತಿಯವರಿಗೂ ಹಿರೀಕರಿರಬಹುದು. ನಮಗೆ ಅದಕ್ಕಿಂತ ಉಪಯೋಗಕ್ಕೆ ಬರೋ ಸಂಗತಿ ಬೇರೆ ಇದೆ. ಅದಕ್ಕೆ ಚಿತ್ರದುರ್ಗ ಜಿಲ್ಲೆ ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿಗೆ ಹೋಗಬೇಕು.

ಬ್ರಹ್ಮಗಿರಿ ಅಂದ್ರೆ ಅಶೋಕನ ಶಾಸನ ಇರೋ ಜಾಗ. 1892ರಲ್ಲಿ ಬಿ.ಎಲ್. ರೈಸ್ ಅದನ್ನ ಬೆಳಕಿಗೆ ತಂದ್ರು. ಅಲ್ಲಿ ಮೈಸೂರಿನ ಪುರಾತತ್ವ ಇಲಾಖೆಯ ಎಂ.ಎಚ್. ಕೃಷ್ಣ ಮೊದಲು ಅಗೆದ್ರು, ಆಮೇಲೆ 1947ರಲ್ಲಿ ಮಾರ್ಟಿಮರ್ ವೀಲರ್. ದೇಶ ಸ್ವಾತಂತ್ರ್ಯದ ಗಲಾಟೆಯಲ್ಲಿದ್ದ ವರ್ಷ. ನೆಲದ ಪದರ ಪದರ ಬಿಡಿಸಿದಾಗ ತಳದಲ್ಲಿ ಕಲ್ಲುಕೊಡಲಿ ಬಳಸ್ತಿದ್ದ ಜನ ಸಿಕ್ಕಿದ್ರು; ಮೂರು ಸಾವಿರ ವರ್ಷಕ್ಕೂ ಹಿಂದಿನವರು. ಅವರು ಸತ್ತ ಎಳೆ ಮಕ್ಕಳನ್ನ ಮಡಕೆಯೊಳಗಿಟ್ಟು ಊರೊಳಗೇ ಹೂಳ್ತಿದ್ರು. ಆ ಕಾಲದ ಬೇರೆ ನೆಲೆಗಳಲ್ಲೂ ಇದೇ ಪದ್ಧತಿ. ಎಷ್ಟೋ ಕಡೆ ಮಡಕೆ ಸಿಕ್ಕಿರೋದು ಮನೆಯ ನೆಲದಡಿಯಲ್ಲೇ. ಮೇಲೆ ಒಲೆ, ಬೀಸುಕಲ್ಲು, ಜನ ಮಲಗೋ ಜಾಗ. ಕೆಳಗೆ ಕಳಕೊಂಡ ಕೂಸು.

ಇದನ್ನ ಮೊದಲ ಸಲ ಓದಿದಾಗ ಪುಸ್ತಕ ಮುಚ್ಚಿಟ್ಟು ಸುಮ್ಮನೆ ಕೂತಿದ್ದೆ. ನಮಗೆ ಹೇಳ್ಕೊಟ್ಟಿರೋದು ಏನು? ಸಾವು ಅಂದ್ರೆ ಸೂತಕ, ಹೆಣ ಅಂದ್ರೆ ಮೈಲಿಗೆ, ಅದನ್ನ ಮುಟ್ಟೋರು ಊರಾಚೆ ಇರಬೇಕು, ಅನಾದಿ ಕಾಲದಿಂದ ಹೀಗೇ ನಡ್ಕೊಂಡು ಬಂದಿದೆ. ಅಡುಗೆ ಮಾಡೋ ಮನೆಯ ನೆಲದಡಿ ಮಗುವನ್ನ ಹೂಳೋ ತಾಯಿಗೆ ಯಾವ ಮೈಲಿಗೆ ಇತ್ತು?

ಅದರ ಮೇಲಿನ ಪದರದಲ್ಲಿ ಬೃಹತ್ ಶಿಲೆಯ ಜನ. ವೀಲರ್ ಅಗೆದ ಕಲ್ಲುಗೋರಿಗಳಲ್ಲಿ ಒಬ್ಬರಲ್ಲ, ಹಲವರ ಮೂಳೆ ಒಟ್ಟಿಗೆ ಇದ್ವು, ಅದೂ ಇಡೀ ಅಸ್ಥಿಪಂಜರವಾಗಿ ಅಲ್ಲ. ಅಂದ್ರೆ ದೇಹವನ್ನ ಮೊದಲು ಬೇರೆಲ್ಲೋ ಇಟ್ಟು, ಮಾಂಸ ಕರಗಿದ ಮೇಲೆ ಮೂಳೆ ಆರಿಸಿ ತಂದು ಗೋರಿಯೊಳಗೆ ಇಡ್ತಿದ್ರು. ಪಕ್ಕದಲ್ಲೇ ಸಿಕ್ಕ ಕಲ್ಲುವೃತ್ತದ ಗುಂಡಿಗಳು ಆ ಮೊದಲ ಹಂತದ ಜಾಗ ಇರಬಹುದು ಅಂತ ವೀಲರ್ ಊಹೆ. ಗೋರಿಯಲ್ಲಿ ಕಬ್ಬಿಣದ ಹತಾರ, ಮಣಿ, ಮತ್ತೆ ಆ ಕಪ್ಪು ಕೆಂಪು ಮಡಕೆಗಳು. ಮಡಕೆಯನ್ನ ಬೋರಲು ಹಾಕಿ ಸುಟ್ಟರೆ ಗಾಳಿ ಸಿಗದ ಒಳಭಾಗ ಕಪ್ಪಾಗುತ್ತೆ, ಗಾಳಿ ಸಿಕ್ಕ ಹೊರಭಾಗ ಕೆಂಪಾಗುತ್ತೆ. ಕೈಗೆ ಸಿಕ್ಕ ಮಡಕೆ ತಂದಿಟ್ಟು ಕೈತೊಳ್ಕೊಂಡಿಲ್ಲ, ಅಷ್ಟು ಕಸುಬಿನ ಮಡಕೆಯನ್ನ ಸತ್ತವರಿಗೆ ಕೊಟ್ಟಿದ್ದಾರೆ. ಬೊಗಸೆ ಹಿಡಿದು ಮೂಳೆ ಆರಿಸೋ ಆ ಕೆಲಸ, ನನ್ನ ಪ್ರಕಾರ, ಮನೆಯವರು ಮಾಡೋ ದೊಡ್ಡ ಮರ್ಯಾದೆಯ ಕೆಲಸ ಆಗಿತ್ತು.

ಯಾವಾಗ ಅದು ಕೀಳಾಯ್ತು? ಮನುಸ್ಮೃತಿಯ ಹತ್ತನೇ ಅಧ್ಯಾಯಕ್ಕೆ ಬಂದಾಗ ವ್ಯವಸ್ಥೆ ಬರಹದಲ್ಲೇ ಸಿದ್ಧವಾಗಿದೆ: ದಿಕ್ಕಿಲ್ಲದ ಹೆಣ ಹೊರೋದು ಚಂಡಾಲರ ಕೆಲಸ, ಉಡೋಕೆ ಹೆಣದ ಬಟ್ಟೆ, ಇರೋಕೆ ಊರಾಚೆ. ಬ್ರಹ್ಮಗಿರಿಯ ಆ ಮಗುವಿಗೂ ಈ ಪುಸ್ತಕಕ್ಕೂ ನಡುವೆ ಸಾವಿರ ವರ್ಷಕ್ಕಿಂತ ಹೆಚ್ಚು ಅಂತರ. ಬಾಬಾಸಾಹೇಬರು 1948ರಲ್ಲಿ ಅಸ್ಪೃಶ್ಯರು ಯಾರು ಅಂತ ಇಡೀ ಪುಸ್ತಕ ಬರೆದು, ಅಸ್ಪೃಶ್ಯತೆ ಹುಟ್ಟಿದ್ದು ಕ್ರಿ.ಶ. 400ರ ಸುಮಾರಿಗೆ ಅಂತ ವಾದ ಮಾಡಿದ್ರು. ಆ ಇಸವಿ ಬಗ್ಗೆ ವಿದ್ವಾಂಸರು ಜಗಳ ಆಡ್ಲಿ, ಆಡಬೇಕು. ನನಗೆ ಮುಖ್ಯ ಅನ್ಸೋದು ಅವರು ಕೇಳಿದ ಪ್ರಶ್ನೆ. ಅನಾದಿ ಅಂತ ಬಾಯಿ ಮುಚ್ಚಿಸೋಕೆ ಬಂದವರ ಮುಂದೆ ಅವರು ತಾರೀಖು ಕೇಳಿದ್ರು.

ಹಾಗಂತ ಆ ಹಳೇ ಕಾಲ ಸಮಾನತೆಯ ಸ್ವರ್ಗ ಅಂತ ನಾನು ಹೇಳ್ತಿಲ್ಲ. ಹಿರೇಬೆಣಕಲ್ಲಿನ ಲೆಕ್ಕ ಹಾಕಿ ನೋಡಿ. ಹತ್ತಡಿ ಉದ್ದ, ಆರಡಿ ಅಗಲ, ಅರ್ಧ ಅಡಿ ದಪ್ಪದ ಒಂದು ಚಪ್ಪಡಿ ಅಂದ್ರೆ 30 ಘನ ಅಡಿ. ಬಂಡೆಗಲ್ಲಾದ್ರೆ ಎರಡು ಟನ್ನಿಗಿಂತ ಜಾಸ್ತಿ ತೂಕ. ಬೆಟ್ಟದ ಮೇಲೇ ಬಂಡೆ ಸೀಳಿ ಎಬ್ಬಿಸಿದ್ದಾರೆ, ಕಲ್ಲು ತೆಗೆದ ಹೊಂಡ ಈಗ ಕೆರೆಯಾಗಿದೆ. ನಮ್ಮ ಭೋವಿ ಬಂಧುಗಳಿಗೆ ಕೇಳಿ, ಅಂಥ ಒಂದು ಚಪ್ಪಡಿ ನಿಲ್ಲಿಸೋಕೆ ಎಷ್ಟು ಆಳು ಬೇಕು ಅಂತ. ಅಷ್ಟೂ ಆಳುಗಳಿಗೆ ಸತ್ತಾಗ ಚಪ್ಪಡಿ ಮನೆ ಸಿಕ್ಕಿತಾ? ಶತಮಾನಗಟ್ಟಲೆ ಬದುಕಿ ಸತ್ತವರಿಗೆಲ್ಲ 400 ಸಾಕಾಗಲ್ಲ. ಇಂಡೋನೇಷ್ಯಾದ ಸುಂಬಾ ದ್ವೀಪದಲ್ಲಿ ಈ ಪದ್ಧತಿ ನಮ್ಮ ಕಾಲದವರೆಗೂ ನಡ್ಕೊಂಡು ಬಂದಿದೆ. ನೂರಾರು ಜನ ಹಗ್ಗ ಹಿಡಿದು ಗೋರಿಯ ಕಲ್ಲು ಎಳೀತಾರೆ, ಎಮ್ಮೆ ಹಂದಿ ಕಡಿದು ಎಲ್ಲರಿಗೂ ಊಟ ಹಾಕ್ತಾರೆ. ದೊಡ್ಡ ಕಲ್ಲು ದೊಡ್ಡ ಮನೆತನದವರಿಗೆ. ಆ ಸಮಾಜದಲ್ಲಿ ಒಡೆಯರ ಕುಲವೂ ಇತ್ತು, ಆಳುಗಳ ಕುಲವೂ ಇತ್ತು. ಹಿರೇಬೆಣಕಲ್ಲಿನ ಬೆಟ್ಟದ ಮೇಲೆ ದೊಡ್ಡ ನಗಾರಿ ಆಕಾರದ ಕಲ್ಲೊಂದಿದೆ, ಬಡಿದರೆ ದೂರಕ್ಕೆ ಕೇಳುತ್ತೆ. ಸಾವಿಗೆ ಬಡೀತಿದ್ರೋ, ಜನ ಸೇರಿಸೋಕೆ ಬಡೀತಿದ್ರೋ. ತಮಟೆ ಹಿಡಿದ ಮನೆತನದಿಂದ ಬಂದ ನನಗೆ ಅದನ್ನ ಬಡೀತಿದ್ದವನು ಯಾರು ಅನ್ನೋದೇ ಮೊದಲ ಪ್ರಶ್ನೆ.

ಇಷ್ಟು ದೂರ ಯಾಕೆ, ಬೊಮ್ಮನಹಳ್ಳಿಯಿಂದ ಆಟೋದಲ್ಲಿ ಬೇಗೂರಿಗೆ ಬನ್ನಿ. ನಾಗೇಶ್ವರ ದೇವಸ್ಥಾನದ ಹತ್ತಿರ ಸುಮಾರು 890ರ ವೀರಗಲ್ಲಿದೆ, ಬೆಂಗಳೂರು ಅನ್ನೋ ಹೆಸರಿರುವ ಹಳೇ ಶಾಸನ ಅದೇ. ಬೆಂಗಳೂರು ಕಾಳಗದಲ್ಲಿ ಸತ್ತವನ ನೆನಪಿಗೆ ಹಾಕಿದ ಕಲ್ಲು. ನಮ್ಮ ಊರಿನ ಹೆಸರು ಇತಿಹಾಸಕ್ಕೆ ಬಂದದ್ದೇ ಒಂದು ಸಾವಿನ ಕಲ್ಲಿನ ಮೇಲೆ. ಬೇಗೂರಿನ ಇನ್ನೊಂದು ದೊಡ್ಡ ವೀರಗಲ್ಲು ಕಸ್ತೂರಬಾ ರಸ್ತೆಯ ಮ್ಯೂಸಿಯಮ್ಮಿನಲ್ಲಿದೆ. ಗಂಗ ದೊರೆ ಎರೆಯಪ್ಪನ ಮಾತಿನ ಮೇಲೆ ಯುದ್ಧಕ್ಕೆ ಹೋಗಿ ತುಂಬೆಪಾಡಿಯಲ್ಲಿ ಸತ್ತ ನಾಗತ್ತರನದು. ಆ ಸಾವಿಗೆ ದೊರೆ ಕೊಟ್ಟಿದ್ದು ಏನು? ಇರುಗ ಅನ್ನೋನಿಗೆ ಬೆಂಪೂರು ಹನ್ನೆರಡು, ಅಂದ್ರೆ ಈ ಬೇಗೂರು ಸುತ್ತಿನ ಹಳ್ಳಿಗಳು. ಕಲ್ಲಿನಲ್ಲಿ ಆನೆ, ಕುದುರೆ, ಕಾಲಾಳು ಎಲ್ಲ ಕೆತ್ತಿದ್ದಾರೆ. ಕಾಲಾಳುಗಳ ಹೆಸರಿಲ್ಲ. ಸತ್ತವನಿಗೆ ಕಲ್ಲು, ಕಲ್ಲಿನ ಜೊತೆ ನೆಲ. ವೀರಗಲ್ಲನ್ನ ನಾನು ಶೌರ್ಯದ ಚಿತ್ರ ಅಂತ ಅಷ್ಟೇ ನೋಡಲ್ಲ, ಹಳೇ ಕಾಲದ ಪಹಣಿ ಅಂತಲೂ ಓದ್ತೀನಿ.

ನಮ್ಮ ತಾತ ಈ ಸುತ್ತಿನ ಒಂದು ಹಳ್ಳಿಯಲ್ಲಿ ತೋಟಿ. ಸಾವಾದ್ರೆ ನೆಂಟರ ಊರುಗಳಿಗೆ ನಡ್ಕೊಂಡು ಹೋಗಿ ಸುದ್ದಿ ಮುಟ್ಟಿಸೋದು, ಗುಂಡಿ ತೋಡೋದು, ತಮಟೆ ಬಡಿಯೋದು. ಕೂಲಿ ಅಂದ್ರೆ ಒಂದಷ್ಟು ರಾಗಿ, ಹೆಣದ ಮೇಲಿನ ಪಂಚೆ. ಮನುಸ್ಮೃತಿಯ ಆ ಸಾಲು ಓದಿದಾಗ ನನಗೆ ನೆನಪಾದದ್ದು ಅದೇ ಪಂಚೆ. ಹುಟ್ಟಿನಿಂದ ಬರೋ ಈ ಊರಕೆಲಸಗಳನ್ನ 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಕಾಗದದ ಮೇಲೆ ರದ್ದು ಮಾಡಿತು. ತಾತ ಅದಾದ ಮೇಲೂ ಗುಂಡಿ ತೋಡಿದ್ರು. ಊರಿನವರ ಗುಂಡಿಗಳ ಮೇಲೆ ಈಗ ಗ್ರಾನೈಟ್ ಕಟ್ಟೆ, ಫೋಟೊ, ಹೆಸರು. ತಾತನನ್ನ ಮಣ್ಣು ಮಾಡಿದ ಜಾಗದಲ್ಲಿ ತಲೆ ಕಡೆ ಒಂದು ಕಾಡುಕಲ್ಲು ಇಟ್ಟಿದ್ವಿ. ಈಗ ಆ ಕಲ್ಲೂ ಇಲ್ಲ, ಆ ಮೂಲೆಯೂ ಇಲ್ಲ, ಕಾಂಪೌಂಡ್ ಗೋಡೆ ಒಳಕ್ಕೆ ಸರಿದಿದೆ. ಅಳತೆಗೆ ಬಂದವರು ಕೇಳಿದ್ದು ಒಂದೇ ಮಾತು: ಇಲ್ಲಿ ಗೋರಿ ಇತ್ತು ಅನ್ನೋಕೆ ಗುರುತು ಏನಿದೆ?

ಕಲ್ಲು ನಿಲ್ಲಿಸೋಕೆ ಆಗದವರ ಗುರುತು ಕಾಗದದಲ್ಲಿ ಇರಬೇಕು. ಕಾನೂನಿನಲ್ಲಿ ದಾರಿ ಇದೆ. 1964ರ ಭೂಕಂದಾಯ ಕಾಯ್ದೆಯ 71ನೇ ಕಲಂ ಪ್ರಕಾರ ಜಿಲ್ಲಾಧಿಕಾರಿ ಸರ್ಕಾರಿ ಜಮೀನನ್ನ ಸ್ಮಶಾನಕ್ಕೆ ಅಂತ ಕಾಯ್ದಿರಿಸಬಹುದು. ಸ್ಮಶಾನ ಇಲ್ಲದ ಊರುಗಳಿಗೆ ಜಾಗ ಕೊಡಿ ಅಂತ 2019ರಲ್ಲಿ ಹೈಕೋರ್ಟೇ ಸರ್ಕಾರಕ್ಕೆ ಹೇಳಿದೆ, ಆಮೇಲೆ ನ್ಯಾಯಾಂಗ ನಿಂದನೆ ಅರ್ಜಿಯವರೆಗೂ ಹೋಗಬೇಕಾಯ್ತು. ಹಿರೇಬೆಣಕಲ್ 2021ರಲ್ಲಿ ಯುನೆಸ್ಕೊದ ತಾತ್ಕಾಲಿಕ ಪಟ್ಟಿಗೆ ಸೇರಿತು, ಸಂತೋಷ. ನಮ್ಮ ಕಾಲೋನಿಗಳ ಹಿಂದಿನ ಸ್ಮಶಾನಗಳು ಮೊದಲು ಆಕಾರ್‌ಬಂದ್‌ಗೆ ಸೇರಲಿ.

ಈ ತಿಂಗಳು ಪ್ರತಿ ಬಡಾವಣೆಯಿಂದ ಇಬ್ಬರಾದ್ರೂ ಮುಂದೆ ಬನ್ನಿ. ನಿಮ್ಮ ಹಳೇ ಹಳ್ಳಿಯ ಗ್ರಾಮ ನಕ್ಷೆ, ಆಕಾರ್‌ಬಂದ್, ಸ್ಮಶಾನದ ಸರ್ವೆ ನಂಬರಿನ ಪಹಣಿ, ಇವುಗಳ ದೃಢೀಕೃತ ನಕಲಿಗೆ ಅರ್ಜಿ ಹಾಕಿ. 'ಬ' ಖರಾಬು ಅಂತ ಎಷ್ಟು ಗುಂಟೆ ಇದೆ ನೋಡಿ, ಆಮೇಲೆ ಟೇಪು ಹಿಡ್ಕೊಂಡು ಹೋಗಿ ಅಳೀರಿ. ಮನೆಯಲ್ಲಿ ಅಜ್ಜಿ ತಾತ ಇದ್ರೆ ಕೂರಿಸ್ಕೊಂಡು, ಯಾರನ್ನ ಎಲ್ಲಿ ಮಣ್ಣು ಮಾಡಿದ್ದು, ಯಾವ ಮರದ ಪಕ್ಕ, ಹೆಸರು ಸಮೇತ ಬರೆದಿಡಿ. ಅರ್ಜಿ ಬರೆಯೋಕೆ ಬರಲ್ಲ ಅನ್ನೋರು ನನಗೆ ಮೆಸೇಜ್ ಹಾಕಿ. ಆಫೀಸ್ ಮುಗಿಸಿ ಸಂಜೆ ಏಳರ ಮೇಲೆ ನಾನೇ ಟೈಪ್ ಮಾಡಿ ಕೊಡ್ತೀನಿ, ದುಡ್ಡೇನೂ ಬೇಡ.

ಜೈ ಭೀಮ್.